ಹಿಡಿಯುವವರ ಸಾಲು
(ಕಳವಾದ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ವಾಚನಾಲಯದಲ್ಲಿ ಕಬಡ್ಡಿಯ ಮಾತೇಕೆಂದು ಕೆಲವರು ಕೇಳಬಹುದು. ನಮ್ಮ ಹುಡುಗರಲ್ಲಿ ಬಹುಮಂದಿ ದಿನಗೂಲಿಯವರು. ಭಾನುವಾರ ಆಟದಲ್ಲಿ ಮಂಡಿ ತಿರುಚಿದರೆ ಸೋಮವಾರದ ಕೂಲಿ ಇಲ್ಲ. ಊರಿಗೆ ಕಳುಹಿಸುವ ಹಣಕ್ಕೂ ಕತ್ತರಿ. ಆದುದರಿಂದ ಹಿಡಿಯುವ ಕ್ರಮವನ್ನು ಅರಿತೇ ಹಿಡಿಯಬೇಕು.

ದಾಳಿ ಮಾಡುವವನನ್ನು ಎಲ್ಲರೂ ಹೊಗಳುತ್ತಾರೆ. ಎದುರಿಗೆ ನಿಂತ ಏಳು ಮಂದಿಯ ಸಾಲು ಯಾರ ಕಣ್ಣಿಗೂ ಬೀಳದು. ಆದರೆ ಲೆಕ್ಕ ನೋಡಿ. ಗಂಡಸರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ದಾಳಿಗಾರನು ಯಾರನ್ನೂ ಮುಟ್ಟದಿದ್ದರೆ ನಡುಗೆರೆಯಿಂದ 3.75 ಮೀಟರ್ ದೂರದ ಬಾಕ್ ಗೆರೆಯನ್ನಾದರೂ ದಾಟಲೇಬೇಕು. ಅವನಿಗಿರುವುದು 30 ಸೆಕೆಂಡು. ಅವಸರವಿರುವುದು ಅವನಿಗೆ, ನಮಗಲ್ಲ. ಇದನ್ನು ಮರೆತು ಒಬ್ಬನೇ ಮುಂದೆ ನುಗ್ಗುವುದೇ ನಮ್ಮ ಹುಡುಗರ ದೊಡ್ಡ ದೋಷ.

ಸಂಜೆಯ ಲೋಕಲ್ ಗಾಡಿಯಿಂದ ಕಳವಾದಲ್ಲಿ ಇಳಿಯುವ ಕಷ್ಟ ನಿಮಗೆಲ್ಲ ಗೊತ್ತು. ಬಾಗಿಲಲ್ಲಿ ಒಬ್ಬ ಅಡ್ಡ ನಿಂತಿದ್ದರೆ ಹೇಗೋ ನುಸುಳಬಹುದು. ಮೂವರು ಭುಜಕ್ಕೆ ಭುಜ ಕೊಟ್ಟು ನಿಂತರೆ ಮುಂಬ್ರಾಕ್ಕೆ ಹೋಗಿ ಇಳಿಯುವುದೇ ಗತಿ! ಸಾಲಿನ ಬಲವೆಂದರೆ ಇದೇ.

ಕೆಲಸದ ಹಂಚಿಕೆ ಹೀಗೆ. ತುದಿಯ ಕಾರ್ನರಿನವನು ಮೈ ತಗ್ಗಿಸಿ ಕಾಯಬೇಕು. ದಾಳಿಗಾರನು ಕಾಲು ಚಾಚಿದೊಡನೆ ಎರಡೂ ಕೈಗಳಿಂದ ಪಾದದ ಗೆಣ್ಣನ್ನು ಹಿಡಿಯಬೇಕು. ತಲೆಯನ್ನು ಮಾತ್ರ ಅವನ ಮಂಡಿಗೆ ಎದುರಾಗಿ ಒಡ್ಡದೆ ಪಕ್ಕಕ್ಕೆ ಇಟ್ಟಿರಬೇಕು. ಅದೇ ಕ್ಷಣದಲ್ಲಿ ಕವರಿನವನು ನಡುಗೆರೆಯ ದಾರಿಗೆ ಅಡ್ಡ ಬರಬೇಕು. ಕೈಕೈ ಹಿಡಿದ ಸರಪಳಿಯ ಜೋಡಿ ಸುತ್ತುವರಿಯಬೇಕು. ಒಬ್ಬನು ಹಿಡಿದು ಉಳಿದವರು ನೋಡುತ್ತ ನಿಂತರೆ ಒಂದು ಅಂಕ ಹೋಗುತ್ತದೆ. ನಾಲ್ವರು ಅರೆಮನಸ್ಸಿನಿಂದ ಕೈಹಾಕಿ, ಅವನ ಬೆರಳು ಗೆರೆ ಮುಟ್ಟಿತೋ, ನಾಲ್ವರೂ ಹೊರಗೆ! ಬಾಯಿ ಮುಚ್ಚಿ ಉಸಿರು ಕಟ್ಟಿಸುವುದು, ಕಾಲುಗಳಿಂದ ಕತ್ತರಿ ಹಾಕುವುದು ನಿಯಮಕ್ಕೆ ವಿರುದ್ಧ. ಎದುರಾಳಿಯೂ ಸೋಮವಾರ ಕೆಲಸಕ್ಕೆ ಹೋಗಬೇಕಾದವನೇ ಅಲ್ಲವೇ?

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ. ಓಡುವವನಿಗೆ ಅವನ ಕಡೆಯ ಮುಂದಿನ ಸಾಲು ಎದುರಾಳಿಗಳನ್ನು ಮೈಯಿಂದ ತಳ್ಳಿ ದಾರಿ ಮಾಡಿಕೊಡುತ್ತದೆ. ಎದುರು ಸಾಲು ಆ ದಾರಿಯನ್ನು ಮುಚ್ಚುತ್ತದೆ. ಅಲ್ಲಿಯ ಪಾಠವೂ ಇದೇ: ಮೈ ತಗ್ಗಿಸಿದವನು ಗೆಲ್ಲುತ್ತಾನೆ, ಜಾಗ ಬಿಟ್ಟು ಓಡಿದವನು ದಾರಿ ತೆರೆದುಕೊಡುತ್ತಾನೆ.

1990ರ ಬೀಜಿಂಗ್ ಏಷ್ಯನ್ ಕ್ರೀಡಾಕೂಟದಿಂದ 2014ರವರೆಗೆ ಪುರುಷರ ಕಬಡ್ಡಿಯ ಚಿನ್ನವೆಲ್ಲ ಭಾರತದ್ದೇ. 2018ರಲ್ಲಿ ಜಕಾರ್ತಾದ ಸೆಮಿಫೈನಲ್‌ನಲ್ಲಿ ಇರಾನ್ ನಮ್ಮವರನ್ನು 27-18ರಿಂದ ಸೋಲಿಸಿತು. ಹೆಸರಾಂತ ದಾಳಿಗಾರರಿದ್ದ ನಮ್ಮ ತಂಡಕ್ಕೆ ಹದಿನೆಂಟರ ಮೇಲೆ ಏಳಲಾಗಲಿಲ್ಲ. ಇರಾನಿನ ಎಡ ಕಾರ್ನರಿನ ಫಜಲ್ ಅತ್ರಾಚಲಿಯ ಹಿಡಿತವನ್ನು ನೀವು ಟೀವಿಯಲ್ಲಿ ನೋಡಿರಬಹುದು. ನಮ್ಮವರಲ್ಲಿಯೂ ವಿದ್ಯೆಗೆ ಕೊರತೆಯಿಲ್ಲ. 2024ರ ಮಾರ್ಚ್‌ನಲ್ಲಿ ಪುಣೇರಿ ಪಲ್ಟನ್ ತಂಡ ಪ್ರೊ ಕಬಡ್ಡಿ ಪ್ರಶಸ್ತಿ ಗೆದ್ದಾಗ ಅದರ ತರಬೇತುದಾರರು ಕರ್ನಾಟಕದ ಬಿ. ಸಿ. ರಮೇಶ್ ಅವರು.

ಕಡೆಯದಾಗಿ ಒಂದು ನಿಯಮ. ಅಂಗಳದಲ್ಲಿ ಮೂವರು ಅಥವಾ ಅದಕ್ಕೂ ಕಡಿಮೆ ಮಂದಿ ಉಳಿದಿದ್ದಾಗ ದಾಳಿಗಾರನನ್ನು ಹಿಡಿದರೆ ಒಂದಲ್ಲ, ಎರಡು ಅಂಕ. ಕಡಿಮೆ ಮಂದಿಯ ಒಗ್ಗಟ್ಟಿಗೆ ಹೆಚ್ಚು ಬೆಲೆ. ಪರಸ್ಥಳದಲ್ಲಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದಿನ ಭಾನುವಾರದಿಂದ ಮೊದಲ ಅರ್ಧ ಗಂಟೆ ಪಂದ್ಯ ಬೇಡ. ಜೋಡಿ ಜೋಡಿಯಾಗಿ ಹಿಡಿತದ ಅಭ್ಯಾಸವಾಗಲಿ. ಹಿರಿಯರೂ ಬಂದು ನಿಂತು ತಿದ್ದಬೇಕೆಂದು ಪ್ರಾರ್ಥಿಸುತ್ತೇವೆ.