ಅಂದು ರಾಮಾಚಾರಿ, ಇಂದು ಮೇಷ್ಟ್ರು



ಹರೆಯದಲ್ಲಿ ಮೆಚ್ಚಿ ನೋಡಿದ ಒಂದು ಸಿನಿಮಾದ ಹೆಸರು ಹೇಳಿ ಎಂದರೆ, ಈಗ ಎಪ್ಪತ್ತರ ಆಸುಪಾಸಿನಲ್ಲಿರುವ ಕನ್ನಡಿಗರಲ್ಲಿ ಅನೇಕರು ತಡವರಿಸದೆ ‘ನಾಗರಹಾವು’ ಎನ್ನುತ್ತಾರೆ. ತ.ರಾ.ಸು. ಅವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ ನಿರ್ದೇಶಿಸಿದ, ಎನ್. ವೀರಾಸ್ವಾಮಿ ನಿರ್ಮಿಸಿದ ಈ ಚಿತ್ರ ತೆರೆಕಂಡದ್ದು 1972ರ ಡಿಸೆಂಬರ್ ಕೊನೆಯಲ್ಲಿ. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಷ್ ಮೊದಲು ತೆರೆಯ ಮೇಲೆ ಬಂದದ್ದು ಇದರಲ್ಲೇ.

ಈ ನೆನಪು ಇಷ್ಟು ಗಟ್ಟಿಯಾಗಿ ಉಳಿಯಲು ಕಾರಣವೇನು?

ಮೊದಲನೆಯದು, ಸಿನಿಮಾ ಕೈಗೆಟುಕುತ್ತಿದ್ದ ಬಗೆ. ಬೆಂಗಳೂರು ದೂರದರ್ಶನ ಆರಂಭವಾದದ್ದೇ 1981ರಲ್ಲಿ. ಅದಕ್ಕೆ ಮುಂಚೆ ಚಿತ್ರ ನೋಡಬೇಕೆಂದರೆ ಟಾಕೀಸಿಗೇ ಹೋಗಬೇಕಿತ್ತು. ಪ್ರಿಂಟುಗಳು ಕೆಲವೇ ಇದ್ದವು. ಅವು ದೊಡ್ಡ ಊರುಗಳಲ್ಲಿ ಓಡಿ, ತಾಲ್ಲೂಕು ಕೇಂದ್ರಗಳನ್ನು ಮುಗಿಸಿ, ಗೀರು ಬಿದ್ದ ಮೇಲೆ ಹಳ್ಳಿಯ ಟೆಂಟಿಗೆ ಬರುತ್ತಿದ್ದವು. ಊರು ಬಿಟ್ಟಿತೆಂದರೆ ಮತ್ತೆ ಯಾವಾಗಲೋ! ಉಳಿಯುತ್ತಿದ್ದದ್ದು ಟಾಕೀಸಿನ ಬಾಗಿಲಲ್ಲಿ ಕೊಂಡ ಹಾಡಿನ ಪುಸ್ತಕ ಮಾತ್ರ. ಆದ್ದರಿಂದ ನೋಡಿ ಬಂದವನು ನೋಡದವರಿಗೆ ಕಥೆ ಹೇಳುತ್ತಿದ್ದ. ಹೇಳಿದಷ್ಟೂ ಅದು ಅವನದೇ ಆಗುತ್ತಿತ್ತು.

ಎರಡನೆಯದು, ವಯಸ್ಸು. ಹಿರಿಯರು ಬಾಳನ್ನು ನೆನೆದಾಗ ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ಸಂಗತಿಗಳೇ ಹೆಚ್ಚು ಬರುತ್ತವೆಂದು ಮನೋವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಬದುಕಿನ ಹಲವು ‘ಮೊದಲು’ಗಳು ನಡೆಯುವ, ‘ನಾನು ಇಂಥವನು’ ಎಂಬ ಭಾವ ರೂಪುಗೊಳ್ಳುವ ಕಾಲ ಅದು.

ಆ ವಯಸ್ಸಿಗೆ ರಾಮಾಚಾರಿ ಹೇಳಿ ಮಾಡಿಸಿದ ನಾಯಕ. ಮುಂಗೋಪಿ, ಹಠಮಾರಿ, ಊರಿನ ಕಣ್ಣಿಗೆ ಪುಂಡ. ಅವನನ್ನು ಅರ್ಥಮಾಡಿಕೊಳ್ಳುವವರು ಕೆ.ಎಸ್. ಅಶ್ವಥ್ ನಟಿಸಿದ ಚಾಮಯ್ಯ ಮೇಷ್ಟ್ರು. ಗಾಂಧಿ ಕ್ಲಾಸಿನಲ್ಲಿ ಕೂತ ಹುಡುಗರು ಅವನಲ್ಲಿ ತಮ್ಮನ್ನೇ ಕಂಡರು. ಅಂಥ ಒಬ್ಬ ಮೇಷ್ಟ್ರು ತಮಗೂ ಸಿಗಲೆಂದು ಬಯಸಿದರು.

2018ರ ಜುಲೈನಲ್ಲಿ ಚಿತ್ರವನ್ನು ಡಿಜಿಟಲ್ ತಂತ್ರದಲ್ಲಿ ಹೊಸದಾಗಿಸಿ ಮತ್ತೆ ಬಿಡುಗಡೆ ಮಾಡಲಾಯಿತು. ಅಂದಿನ ಹುಡುಗರಿಗೆ ಆಗ ಅರವತ್ತರ ಆಸುಪಾಸು. ಚಿತ್ರ ಅದೇ. ಆದರೆ ಮಕ್ಕಳನ್ನು ಬೆಳೆಸಿ ಮದುವೆ ಮಾಡಿದವರ ಕಣ್ಣು ರಾಮಾಚಾರಿಯನ್ನು ದಾಟಿ ಮೇಷ್ಟ್ರ ಮೇಲೆ ನಿಲ್ಲುತ್ತದೆ. ಒಳ್ಳೆಯದಾಗಲೆಂದೇ ಮೇಷ್ಟ್ರು ಅಲಮೇಲುವನ್ನು ಬಿಟ್ಟುಕೊಡುವಂತೆ ಶಿಷ್ಯನನ್ನು ಒಪ್ಪಿಸುತ್ತಾರೆ. ಬೇರೆಯವನ ಕೈಹಿಡಿದ ಆಕೆಯ ಬಾಳು ಹಾಳಾಗುತ್ತದೆ. ಮಾರ್ಗರೆಟ್‌ಳ ವಿಷಯದಲ್ಲೂ ಮೇಷ್ಟ್ರು ಅಡ್ಡ ನಿಲ್ಲುತ್ತಾರೆ. ಕೊನೆಗೆ ಚಿತ್ರದುರ್ಗದ ಬೆಟ್ಟ ಮೂವರನ್ನೂ ಬಲಿ ತೆಗೆದುಕೊಳ್ಳುತ್ತದೆ. ಪ್ರೀತಿಯಿಂದಲೇ ಹಿರಿಯರು ಮಾಡಿದ ತೀರ್ಮಾನ ಕಿರಿಯರ ಬಾಳನ್ನು ಹೀಗೆ ಮುರಿಯಬಹುದೇ? ಹದಿನೈದರಲ್ಲಿ ಕೇಳದಿದ್ದ ಈ ಪ್ರಶ್ನೆ ಅರವತ್ತರಲ್ಲಿ ಚುಚ್ಚುತ್ತದೆ. ಏಕೆಂದರೆ ಅಂಥ ಒಂದು ‘ಬೇಡ’ವನ್ನು ತಮ್ಮ ಮನೆಯಲ್ಲೂ ಹೇಳಿದವರು ಎಷ್ಟೋ ಜನ.

ಹಳೆಯ ಚಿತ್ರದ ಹಂಬಲವನ್ನು ಬರೀ ‘ಆ ಕಾಲವೇ ಚೆನ್ನ’ ಎಂಬ ಗೊಣಗಾಟವೆಂದು ತಳ್ಳಿಹಾಕಬಾರದು ಎನ್ನುವುದು ಇದಕ್ಕೇ. ಹಂಬಲಕ್ಕೆ ಕಾರಣಗಳು ಇದ್ದೇ ಇವೆ. ಬೆಂಗಳೂರಿನ ಕಪಾಲಿ 2017ರಲ್ಲಿ, ಕಾವೇರಿ 2024ರಲ್ಲಿ ಬಾಗಿಲು ಮುಚ್ಚಿದವು. ವಿಷ್ಣುವರ್ಧನ್ 2009ರಲ್ಲಿ ತೀರಿಕೊಂಡರು. ಮರುಬಿಡುಗಡೆಯಾದ ನಾಲ್ಕೇ ತಿಂಗಳಿಗೆ ಅಂಬರೀಷ್ ಹೋದರು. ಆದರೆ ಬದಲಾಗದೆ ನಿಂತ ಚಿತ್ರದ ಮುಂದೆ ತಾನೆಷ್ಟು ಬದಲಾದೆನೆಂದು ನೋಡುಗನಿಗೆ ತಿಳಿಯುತ್ತದೆ.

ಮನೆಯ ಹಿರಿಯರು ‘ನಾಗರಹಾವು’ ಹೆಸರೆತ್ತಿದರೆ ಕೂಡಲೇ ಮೊಬೈಲಿನಲ್ಲಿ ಹುಡುಕಿ ಕೊಡಬೇಡಿ. ಯಾವ ಟಾಕೀಸಿನಲ್ಲಿ, ಯಾರ ಜೊತೆ ನೋಡಿದಿರಿ ಎಂದು ಮೊದಲು ಕೇಳಿ. ರಾಮಾಚಾರಿ ಸರಿಯೋ, ಮೇಷ್ಟ್ರು ಸರಿಯೋ ಎಂದು ಆಮೇಲೆ ಕೇಳಿ. ಉತ್ತರಕ್ಕೆ ಅವರು ಸ್ವಲ್ಪ ಹೊತ್ತು ತೆಗೆದುಕೊಂಡರೆ ಕಾಯಿರಿ.