ರೋಬೋಟ್ ಗೊತ್ತಿಲ್ಲದವರಿಗೂ ಅಲ್ಲಿ ಕೆಲಸ ಇದೆ

ಹೊಸಹಳ್ಳಿಯ ಗೆಳೆಯರೊಬ್ಬರು ಕೇಳಿದ್ರು: 'ನಾನು ಓದಿರೋದು ಬಿ.ಕಾಂ. ಮಕ್ಕಳ ರೋಬೋಟಿಕ್ಸ್ ಸ್ಪರ್ಧೆಗೆ ಸ್ವಯಂಸೇವಕ ಆಗಬಹುದಾ?' ಖಂಡಿತ. ನಾನೂ ಬಿ.ಕಾಂ. ಓದಿದವನೇ.

ಫಸ್ಟ್ ಲೆಗೋ ಲೀಗನ್ನೇ ತಗೊಳ್ಳಿ. ಒಂದು ಪಂದ್ಯ ಬರೀ 150 ಸೆಕೆಂಡ್. ತಂಡಕ್ಕೆ 3 ಸುತ್ತು; ಅದರಲ್ಲಿ ಹೆಚ್ಚು ಅಂಕ ಬಂದ ಸುತ್ತೇ ಲೆಕ್ಕ. ರೆಫರಿ ಆಗೋಕೆ ನಿಯಮಗಳನ್ನ ಚೆನ್ನಾಗಿ ಓದಿರಬೇಕು. ಆದರೆ ಅಂಕ ದಾಖಲಿಸೋಕೆ, ತಂಡಗಳನ್ನ ಹೊತ್ತಿಗೆ ಸರಿಯಾಗಿ ಟೇಬಲ್ ಹತ್ರ ಕರ್ಕೊಂಡು ಬರೋಕೆ ಎಂಜಿನಿಯರೇ ಆಗಬೇಕಿಲ್ಲ.

ಅರ್ಜಿಯಲ್ಲಿ 'ಯಾವ ಕೆಲಸ ಆದ್ರೂ ಸರಿ' ಅಂತ ಬರೀಬೇಡಿ. ಕೊಟ್ಟೂರು ತೇರಿನಲ್ಲಿ ಊಟದ ಸಾಲು ಸಂಭಾಳಿಸಿದ್ರೆ ಅದನ್ನೇ ಬರೀರಿ.

ಇಂಗ್ಲಿಷ್ ಘೋಷಣೆ ತಿಳಿಯದೆ ಹಳ್ಳಿ ಮಕ್ಕಳು ಸರದಿ ತಪ್ಪಿಸಿಕೊಂಡರೆ ತಿಂಗಳುಗಟ್ಟಲೆ ಪಟ್ಟ ಶ್ರಮ ನೀರುಪಾಲು. 'ಬಾರಪ್ಪಾ, ಈಗ ನಿಮ್ಮದೇ ಸರದಿ' ಅನ್ನೋ ಒಂದು ದನಿ ಅಲ್ಲಿರಬೇಕು. ಅದು ನಿಮ್ಮದಾಗಲಿ.