ಇಷ್ಟದ ಹಾಡು ಯಾವುದೆಂದು ಕೇಳಿದರೆ

(ದುದ್ದದಲ್ಲಿ ಊರಿನ ಯುವಕ ಯುವತಿಯರು ಸೇರಿದ್ದ ಒಂದು ಸಂಜೆ ಆಡಿದ ಮಾತಿನ ಬರಹರೂಪ)



‘ನಿಮಗೆ ತುಂಬಾ ಇಷ್ಟವಾದ ಹಾಡು ಯಾವುದು?’ ಎಂದು ಕೇಳಿದ ಕೂಡಲೇ ಉತ್ತರ ಬರುವುದಿಲ್ಲ. ಉತ್ತರಿಸಬೇಕಾದವರು ಮೊದಲು ಕೇಳಿದವರ ಮುಖ ನೋಡುತ್ತಾರೆ. ಕೇಳಿದವರು ಮೇಷ್ಟ್ರಾದರೆ ಒಂದು ಭಾವಗೀತೆ, ಮನೆಯ ಹಿರಿಯರಾದರೆ ಒಂದು ದೇವರನಾಮ, ಓರಗೆಯವರಾದರೆ ಈ ತಿಂಗಳ ಸಿನಿಮಾದ ಹಾಡು. ಪಿ.ಬಿ. ಶ್ರೀನಿವಾಸ್ ಹಾಡಿದ ಹಳೆಯ ಗೀತೆಯೊಂದರ ಹೆಸರು ಹೇಳಿಬಿಟ್ಟರೆ ಯಾರ ಮುಂದೆಯೂ ಪಾರಾಗಬಹುದು. ಕಬ್ಬು ತುಂಬಿದ ಟ್ರ್ಯಾಕ್ಟರು ಮಂಡ್ಯದ ದಾರಿ ಹಿಡಿದಾಗ ಅದರ ಸ್ಪೀಕರಿನಿಂದ ಹೊರಡುವ ಹಾಡೇ ತನಗೆ ಪ್ರಾಣ ಎಂದು ನಾಲ್ಕು ಜನರ ಮುಂದೆ ಹೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಟ್ರ್ಯಾಕ್ಟರು ಮರೆಯಾದ ಮೇಲೂ ಅದನ್ನೇ ಗುನುಗುವವರಿಗೆ ಬರವೇನೂ ಇಲ್ಲ.

ಇದು ಬರೀ ನಾಚಿಕೆಯ ಸ್ವಭಾವ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹಾಡು ಕೇಳಿ ಮನುಷ್ಯನನ್ನು ಅಳೆಯುವುದನ್ನು ನಮಗೆ ಕಲಿಸಿಕೊಟ್ಟವರಿದ್ದಾರೆ. ಆ ಪಾಠ ಶುರುವಾಗುವುದು ಮನೆಯಿಂದ. ಓದುಬರಹ ಬಂದ ಮನೆಗಳಲ್ಲಿ ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಕಾಫಿ ಮುಗಿಸಿ, ‘ಹುಡುಗಿಗೆ ಹಾಡು ಬರುತ್ತದೆಯೇ?’ ಎನ್ನುತ್ತಿದ್ದ ಕಾಲವೊಂದಿತ್ತು. ರೇಡಿಯೊ ಕೇಳಿ ಕಲಿತ ಪ್ರೇಮಗೀತೆ ಆ ಹುಡುಗಿಯ ಬಾಯಲ್ಲಿ ಎಷ್ಟೇ ಸೊಗಸಾಗಿ ಬರಲಿ, ಚಾಪೆಯ ಮೇಲೆ ಕುಳಿತಾಗ ಹೊರಡುತ್ತಿದ್ದುದು ದಾಸರ ಪದವೇ. ಅಲ್ಲಿ ಅಳೆಯುತ್ತಿದ್ದುದು ಶ್ರುತಿಯನ್ನಲ್ಲ, ನಡತೆಯನ್ನು.

ಮನೆಯ ಹಿರಿಯರು ಮಾಡಿದ್ದನ್ನೇ ಸರ್ಕಾರವೂ ಮಾಡಿತು. ಆಲ್ ಇಂಡಿಯಾ ರೇಡಿಯೊ 1940ರಲ್ಲಿ ಹಾರ್ಮೋನಿಯಂ ವಾದ್ಯವನ್ನು ಹೊರಗಿಟ್ಟಿತು. ನಮ್ಮ ಸಂಗೀತದ ಗಮಕಗಳು ಅದರ ಮನೆಗಳಲ್ಲಿ ನುಡಿಯುವುದಿಲ್ಲ ಎಂಬುದು ಕಾರಣ. ಶಾಸ್ತ್ರದ ಮಾತು ಇರಬಹುದು. ಆದರೆ ಮಂಡ್ಯ ಸೀಮೆಯಲ್ಲಿ ಸಂಗೀತವೆಂದರೆ ಹಾರ್ಮೋನಿಯಂ ಮೇಷ್ಟ್ರೇ. ಕುರುಕ್ಷೇತ್ರ ನಾಟಕದ ದುರ್ಯೋಧನನಿಗೆ, ಭೀಮನಿಗೆ, ಕೃಷ್ಣನಿಗೆ ತಿಂಗಳುಗಟ್ಟಲೆ ರಾತ್ರಿ ಪಾಠ ಹೇಳುವವರು ಅವರೇ. ಗದ್ದೆ ಕೆಲಸ ಮುಗಿಸಿ ಬಂದು, ಪಾತ್ರಕ್ಕೆ ಕೈಯಿಂದ ದುಡ್ಡು ಕೊಟ್ಟು, ಎದೆ ತುಂಬಿ ಮಟ್ಟು ಎತ್ತುವ ರೈತನ ಸಂಗೀತ ರೇಡಿಯೊ ಬಾಗಿಲು ದಾಟುವಂಥದ್ದಲ್ಲ ಎಂದು ದೆಹಲಿಯಲ್ಲಿ ಯಾರೋ ತೀರ್ಮಾನಿಸಿದ್ದರು! ಸುಮಾರು ಮೂರು ದಶಕ ಆ ಕಟ್ಟು ನಡೆಯಿತು.

ಮುಂದಿನ ಸರದಿ ಸಿನಿಮಾ ಹಾಡಿನದು. 1952ರಿಂದ 1962ರವರೆಗೆ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದ ಬಿ.ವಿ. ಕೇಸ್ಕರ್ ಅವರು ಚಿತ್ರಗೀತೆಗಳಿಂದ ಜನರ ಅಭಿರುಚಿ ಕೆಡುತ್ತದೆಂದು ನಂಬಿದವರು. ಅವರ ಕಾಲದಲ್ಲಿ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ವಿರಳವಾದವು. (‘ಆಕಾಶವಾಣಿ’ ಎಂಬ ಹೆಸರು ಮಾತ್ರ ನಮ್ಮದು. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ಆರಂಭಿಸಿದ ಬಾನುಲಿ ಕೇಂದ್ರದ ಹೆಸರದು.) ಜನ ಏನು ಮಾಡಿದರು? ಗುಂಡಿ ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. 1952ರ ಕೊನೆಯಲ್ಲಿ ಅಮೀನ್ ಸಯಾನಿ ಅವರ ‘ಬಿನಾಕಾ ಗೀತ್‌ಮಾಲಾ’ ಅಲ್ಲಿ ಶುರುವಾಯಿತು. ಸರ್ಕಾರ ಸೋತು 1957ರ ಅಕ್ಟೋಬರ್ 3ರಂದು ವಿವಿಧ ಭಾರತಿಯನ್ನು ತೆರೆಯಬೇಕಾಯಿತು.

ವಿವಿಧ ಭಾರತಿ ಮನೆಮನೆಗೆ ತಂದದ್ದರಲ್ಲಿ ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು ಕೋರಿಕೆಯ ಕಾರ್ಯಕ್ರಮ. ಒಂದು ಕಾರ್ಡಿನಲ್ಲಿ ಹಾಡು, ಚಿತ್ರ, ನಿಮ್ಮ ಹೆಸರು, ಊರು. ಹಾಡಿಗೆ ಮೊದಲು ಹೆಸರುಗಳ ಮೆರವಣಿಗೆ. ಇಂದಿನ ಜಾರ್ಖಂಡಿನಲ್ಲಿರುವ, ಅಭ್ರಕದ ಗಣಿಗಳ ಜುಮ್ರಿ ತಿಲೈಯಾ ಎಂಬ ಸಣ್ಣ ಊರು ದೇಶಕ್ಕೆಲ್ಲ ಪರಿಚಯವಾದದ್ದು ಹೀಗೆ ಕಾರ್ಡು ಬರೆದೇ. ಹಳ್ಳಿಯಲ್ಲಿ ಇದು ಸಣ್ಣ ಧೈರ್ಯವಲ್ಲ. ಬೆಳಿಗ್ಗೆ ನಿಮ್ಮ ಹೆಸರು ರೇಡಿಯೊದಲ್ಲಿ ಬಂದರೆ ಮಧ್ಯಾಹ್ನದೊಳಗೆ ಊರಿಗೇ ನಿಮ್ಮ ಇಷ್ಟ ಗೊತ್ತು. ಅದಕ್ಕೊಂದು ಉಪಾಯವೂ ಇತ್ತು. ಒಬ್ಬರ ಹೆಸರಿನ ಬದಲು ಅಣ್ಣ, ತಂಗಿ, ಅತ್ತೆ, ಪಕ್ಕದ ಮನೆಯ ಮಗು, ‘ಮತ್ತು ಸ್ನೇಹಿತರು’ ಎಂದು ಹತ್ತು ಹೆಸರು ಬರೆಯುವುದು. ಹತ್ತು ಜನರ ನಡುವೆ ನಿಜವಾದ ಅಭಿಮಾನಿ ಯಾರೆಂದು ಕಂಡುಹಿಡಿಯಲಿ ನೋಡೋಣ! ಈಗ ವಾಟ್ಸಾಪ್ ಸ್ಟೇಟಸ್ಸಿಗೆ ಹಾಡು ಹಾಕಿ, ಚಿಕ್ಕಪ್ಪನಿಗೆ ಮಾತ್ರ ಕಾಣದಂತೆ ಮಾಡುವವರು ಅದೇ ವಂಶದವರು.

ತಿಳಿದವರೆನಿಸಿಕೊಂಡವರ ತೀರ್ಪು ನಮ್ಮ ಜಿಲ್ಲೆಯವರೇ ಆದ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಅವರನ್ನೂ ಬಿಡಲಿಲ್ಲ. 1942ರ ‘ಮೈಸೂರ ಮಲ್ಲಿಗೆ’ ಗಂಡಹೆಂಡಿರ ಪ್ರೀತಿಯಿಂದಾಚೆಗೆ ಹೋಗಲಿಲ್ಲವೆಂದು ಹಗುರವಾಗಿ ಕಂಡ ವಿಮರ್ಶಕರಿದ್ದರು. ಮದುವೆಯ ಉಡುಗೊರೆಗೆ ಆ ಪುಸ್ತಕ ಕೊಳ್ಳುತ್ತಿದ್ದವರು ವಿಮರ್ಶೆ ಓದುವವರಲ್ಲ. ಆ ಕವಿತೆಗಳೇ ಈಗ ಸಭೆಯಲ್ಲಿ ಧೈರ್ಯವಾಗಿ ಹೆಸರಿಸಬಹುದಾದ ಹಾಡುಗಳ ಪಟ್ಟಿಯ ತುದಿಯಲ್ಲಿವೆ.

ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರ್ ಬೋರ್ದ್ಯೂ ಇದನ್ನೇ ಲೆಕ್ಕ ಹಾಕಿ ನೋಡಿದ. 1960ರ ದಶಕದಲ್ಲಿ ಸಾವಿರಕ್ಕೂ ಹೆಚ್ಚು ಜನರಿಗೆ, ಯಾವ ಸಂಗೀತ ನಿಮಗೆ ಇಷ್ಟ ಎಂದು ಕೇಳಿಸಿದ. ಬಾಖ್‌ನ ಕೃತಿ ಆರಿಸಿದವರಲ್ಲಿ ಉನ್ನತ ಶಿಕ್ಷಣದ ಅಧ್ಯಾಪಕರು ಮುಂದಿದ್ದರು. ಕೂಲಿಕಾರರು, ಸಣ್ಣ ಅಂಗಡಿಯವರು ಒಲಿದದ್ದು ‘ನೀಲಿ ಡ್ಯಾನ್ಯೂಬ್’ ಎಂಬ ಜನಪ್ರಿಯ ವಾಲ್ಟ್ಜ್‌ಗೆ. ರುಚಿ ಎಂಬುದು ನಾಲಿಗೆಯ ಮಾತಷ್ಟೇ ಅಲ್ಲ, ಯಾವ ಪಂಕ್ತಿಯಲ್ಲಿ ಕುಳಿತಿದ್ದೀರಿ ಎಂಬುದರ ಗುರುತೂ ಹೌದು ಎಂದು 1979ರಲ್ಲಿ ಪುಸ್ತಕ ಬರೆದ.

ನಮ್ಮಲ್ಲಿ ಇಷ್ಟು ದೂರ ಹೋಗಬೇಕಿಲ್ಲ. ಮೂರು ಮಾತುಗಳೇ ಸಾಕು. ವೇದಿಕೆಯ ಮೇಲಿನದು ‘ಸಂಗೀತ’, ಸಿನಿಮಾದ್ದು ‘ಹಾಡು’, ಅಜ್ಜಿ ನಾಟಿ ಮಾಡುತ್ತಲೋ ರಾಗಿ ಬೀಸುತ್ತಲೋ ಹೇಳಿದ್ದು ‘ಪದ’. ವಯಸ್ಸಾದ ಹೆಂಗಸೊಬ್ಬರನ್ನು ‘ಒಂದು ಹಾಡು ಹೇಳಿ’ ಎನ್ನಿ, ‘ನಂಗೆ ಹಾಡೆಲ್ಲ ಬರಾಕಿಲ್ಲ ಕಣಪ್ಪ’ ಎಂದೇ ಉತ್ತರ. ಸುಳ್ಳಲ್ಲ. ತಮಗೆ ಬರುವುದು ಕೇಳಿದವರ ಲೆಕ್ಕದಲ್ಲಿ ಹಾಡಲ್ಲ ಎಂದು ಅವರಿಗೆ ಗೊತ್ತು.

ನಾಗಮಂಗಲ ತಾಲ್ಲೂಕಿನಲ್ಲಿ 1915ರಲ್ಲಿ ಹುಟ್ಟಿದ ಎಚ್.ಎಲ್. ನಾಗೇಗೌಡರು ದೊಡ್ಡ ಅಧಿಕಾರಿಯಾಗಿದ್ದೂ ಇಂಥ ಪದಗಳ ಬೆನ್ನು ಹತ್ತಿ ಹೋದರು. ಅವರ ಸಂಗ್ರಹವೊಂದರ ಹೆಸರು ‘ಸೋಬಾನೆ ಚಿಕ್ಕಮ್ಮನ ಪದಗಳು’. ಹೆಸರಿನಲ್ಲೇ ಹಾಡುಗಾತಿ ಇದ್ದಾಳೆ, ಪದವೂ ಪದವಾಗಿಯೇ ಇದೆ. ರಾಮನಗರದ ಬಳಿಯ ಜಾನಪದ ಲೋಕ ಅವರ ದುಡಿಮೆಯ ಫಲ. ಅಲ್ಲಿ ಸೇರಿದ್ದು ಉಳಿಯಿತು. ಸೇರದೆ ಹೋದದ್ದರ ಲೆಕ್ಕ ಯಾರ ಬಳಿಯೂ ಇಲ್ಲ. ಎದುರಿಗಿದ್ದವರು ನಕ್ಕಾರು ಎಂಬ ಒಂದೇ ಅಂಜಿಕೆಯಿಂದ ಮೊಮ್ಮಕ್ಕಳ ಮುಂದೆ ಬಾಯಿ ಬಿಡದೆ ಹೋದ ಅಜ್ಜಿಯರು ಪ್ರತಿ ಕೇರಿಯಲ್ಲೂ ಇದ್ದಾರು.

ಸೋಬಾನೆಯಲ್ಲಿ ಈ ಅಂಜಿಕೆಗೆ ಜಾಗವಿರಲಿಲ್ಲ ಎಂಬುದನ್ನು ಗಮನಿಸಬೇಕು. ಹಸೆಯ ಮುಂದೆ ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಅದು ಯಾರ ಇಷ್ಟದ ಪದ ಎಂದು ಯಾರೂ ಕೇಳುವುದಿಲ್ಲ. ರೇಡಿಯೊ ಕಾರ್ಡಿನ ಹತ್ತು ಹೆಸರುಗಳಂತೆಯೇ ಅದು. ಈಗ ಛತ್ರಗಳಲ್ಲಿ ಆ ಹೊತ್ತಿಗೆ ಆರ್ಕೆಸ್ಟ್ರಾದವರು ಮೈಕು ಸರಿಮಾಡಿಕೊಳ್ಳುತ್ತಿರುತ್ತಾರೆ.

ದುದ್ದ ಹೋಬಳಿಯ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದ ಹೆಂಗಸರು ಇನ್ನೂ ಇದ್ದಾರೆ. ಹೋಗುವವರು ಫೋನನ್ನು ಮೊದಲು ಜೇಬಿನಲ್ಲೇ ಇಟ್ಟುಕೊಂಡಿರಿ, ಆಮೇಲೆ ಅವರನ್ನು ಕೇಳಿಯೇ ತೆಗೆಯಿರಿ. ಒಬ್ಬರನ್ನೇ ಕೂರಿಸಬೇಡಿ, ಸೊಲ್ಲು ಹಿಡಿಯಲು ಓರಗೆಯವರನ್ನು ಕರೆಯಿರಿ. ಹಾಡು ಎನ್ನಬೇಡಿ, ಪದ ಎನ್ನಿ.